ಸಮಾನತೆಯೂ ಏಕರೂಪತೆಯೂ

1789ರ ಮಹಾಕ್ರಾಂತಿಯು ಫ್ರಾನ್ಸಿಗೆ ಇತ್ತ ವರಗಳನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆಗಸ್ಟ್ 4ರ ಒಂದೇ ಇರುಳಿನಲ್ಲಿ ಪ್ರಭುವರ್ಗದ ಪರಂಪರಾಗತ ವಿಶೇಷಾಧಿಕಾರಗಳನ್ನು ತೊರೆಯುವ ನಿರ್ಣಯವನ್ನು ಕೈಕೊಂಡು, ಎರಡು ವರ್ಷಗಳ ತರುವಾಯ ಯೆಹೂದ್ಯರಿಗೂ ಪೌರತ್ವವನ್ನಿತ್ತು, ಹುಟ್ಟಿನಿಂದ ಬಂದ ಮೇಲುಕೀಳುಗಳನ್ನು ಶಾಸನದಿಂದ ತೊಡೆದುಹಾಕಲು ಹೊರಟ ಆ ಕ್ರಾಂತಿಗೆ ಮಾನವಕುಲವೇ ಋಣಿಯಾಗಿದೆ. ಆದರೆ ಸಮಾನರಾಗಬೇಕಾದರೆ ಎಲ್ಲರೂ ಏಕರೂಪರಾಗಬೇಕೆಂಬ ಭ್ರಾಂತಿಯೊಂದು ಅದೇ ಕ್ರಾಂತಿಯ ಗರ್ಭದಲ್ಲಿ ಜನಿಸಿ, ಇಂದಿಗೂ ಫ್ರೆಂಚ್ ಸಮಾಜವನ್ನು ಬಿಟ್ಟು ತೊಲಗಿಲ್ಲ.

2021ರ ಏಪ್ರಿಲಿನಲ್ಲಿ ಫ್ರೆಂಚ್ ಸಂಸತ್ತು ಪ್ರಾದೇಶಿಕ ಭಾಷೆಗಳ ರಕ್ಷಣೆಗೆಂದು ಅಂಗೀಕರಿಸಿದ ಶಾಸನದ ಜೀವಾಳವನ್ನೇ ಮೇ 21ರಂದು ಅಲ್ಲಿಯ ಸಂವಿಧಾನ ಪರಿಷತ್ತು ಕಿತ್ತುಹಾಕಿತು. ಗಣರಾಜ್ಯದ ಭಾಷೆ ಫ್ರೆಂಚ್ ಎಂದು 1992ರಲ್ಲಿ ಸಂವಿಧಾನಕ್ಕೆ ಸೇರಿಸಿದ ವಾಕ್ಯವನ್ನು ಆಧಾರವಾಗಿಟ್ಟುಕೊಂಡು, ಬ್ರೆಟನ್, ಬಾಸ್ಕ್, ಆಕ್ಸಿಟಾನ್ ಮೊದಲಾದ ನುಡಿಗಳನ್ನು ಬೋಧನೆಗೂ ಶಾಲೆಯ ದೈನಂದಿನ ವ್ಯವಹಾರಕ್ಕೂ ಮಾಧ್ಯಮವಾಗಿಸುವ ಪದ್ಧತಿ ಸಾರ್ವಜನಿಕ ಶಿಕ್ಷಣದಲ್ಲಿ ಸಲ್ಲದೆಂದಿತು. ಶಿಶುವಿನ ಬ್ರೆಟನ್ ಹೆಸರಿನಲ್ಲಿ ಅಕ್ಷರವೊಂದರ ಮೇಲೆ ಬರುವ ಪುಟ್ಟ ಚಿಹ್ನೆಗೂ ಜನನದಾಖಲೆಯಲ್ಲಿ ಎಡೆಯಿಲ್ಲವೆಂದಿತು. ಇದು ಕ್ರಾಂತಿಯ ಪರಂಪರೆಗೆ ತೋರಿದ ನಿಷ್ಠೆಯೆಂದು ವಾದಿಸುವವರು ಆ ಪರಂಪರೆಯ ಅರ್ಧವನ್ನು ಮಾತ್ರ ಬಲ್ಲರು.

1790ರ ಜನವರಿ 14ರಂದು ರಾಷ್ಟ್ರಸಭೆಯು ತನ್ನ ಶಾಸನಗಳನ್ನು ನಾಡಿನ ವಿವಿಧ ನುಡಿಗಳಿಗೆ ಅನುವಾದಿಸಬೇಕೆಂದು ವಿಧಿಸಿತ್ತು. ನಾಲ್ಕು ವರ್ಷಗಳ ಬಳಿಕ, ಹೊರಗೆ ಯುರೋಪಿನ ಅರಸರ ಸೈನ್ಯಗಳೂ ಒಳಗೆ ಅಂತರ್ಯುದ್ಧವೂ ಹುಟ್ಟಿಸಿದ ಭೀತಿಯ ನಡುವೆ, ಕ್ರಾಂತಿಯ ಮುಖಂಡರಲ್ಲೊಬ್ಬನಾದ ಬಾರೇರನು ಬ್ರೆಟನ್, ಬಾಸ್ಕ್ ನುಡಿಗಳನ್ನು ಮೌಢ್ಯದ ಹಾಗೂ ದ್ರೋಹದ ವಾಹನಗಳೆಂದು ದೂಷಿಸಿದನು. ಯೆಹೂದ್ಯರ ಮತ್ತು ಕರಿಯ ಜನರ ಹಕ್ಕುಗಳಿಗಾಗಿ ಹೋರಾಡಿದ ಗ್ರೆಗ್ವಾರ್ ಪಾದ್ರಿಯೇ 1794ರ ಜೂನಿನಲ್ಲಿ ಪ್ರಾಂತಭಾಷೆಗಳ ನಿರ್ಮೂಲನವನ್ನು ಬೋಧಿಸುವ ವರದಿಯನ್ನು ಮಂಡಿಸಿದನು. ಕನಿಷ್ಠ 60 ಲಕ್ಷ ಪ್ರಜೆಗಳು ಫ್ರೆಂಚನ್ನು ಅರಿಯರೆಂಬುದು ಅವನ ಎಣಿಕೆ. ಶಾಸನದ ಭಾಷೆಯನ್ನರಿಯದವನು ಅದನ್ನು ಬಲ್ಲವರ ಅಧೀನನಾಗಿಯೇ ಉಳಿಯುವನೆಂಬುದು ಅವನ ಚಿಂತೆ. ಈ ಚಿಂತೆ ಲಘುವಾದುದಲ್ಲ. ಆದರೆ ಅದರಿಂದ ಸಿದ್ಧವಾಗುವುದು ಎಲ್ಲರಿಗೂ ಫ್ರೆಂಚನ್ನು ಕಲಿಸಬೇಕೆಂಬುದೇ ಹೊರತು, ತಾಯ್ನುಡಿಯನ್ನು ಕೊಲ್ಲಬೇಕೆಂಬುದಲ್ಲ.

ಮುಂದಿನ ಪೀಳಿಗೆಗಳು ಆರಿಸಿಕೊಂಡುದು ಕೊಲ್ಲುವ ದಾರಿಯನ್ನೇ. ಶಿಕ್ಷಣಸಚಿವ ಜೂಲ್ ಫೆರಿಯ 1881–82ರ ಶಾಸನಗಳು ಬಡವರ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದುವು, ನಿಜ. ಆದರೆ ಬ್ರಿಟನಿಯ ಹಲವು ಶಾಲೆಗಳಲ್ಲಿ ತಾಯ್ನುಡಿಯಾಡಿದ ಬಾಲಕನ ಕೊರಳಿಗೆ ಅವಮಾನದ ಗುರುತೊಂದನ್ನು ತೂಗುಹಾಕುತ್ತಿದ್ದರು. ಅದೇ ತಪ್ಪನ್ನು ಮಾಡಿದ ಇನ್ನೊಬ್ಬ ಸಹಪಾಠಿಯನ್ನು ಹಿಡಿದುಕೊಟ್ಟ ಮೇಲೆಯೇ ಅವನಿಗೆ ಅದರಿಂದ ಬಿಡುಗಡೆ. ಭ್ರಾತೃತ್ವವನ್ನು ತನ್ನ ಧ್ಯೇಯವಾಕ್ಯದಲ್ಲಿ ಕೆತ್ತಿಸಿಕೊಂಡ ಗಣರಾಜ್ಯದ ಶಾಲೆಯಲ್ಲಿ ಮಕ್ಕಳು ಕಲಿತ ಪಾಠವಿದು!

ನುಡಿಗಳು ಹಲವಾದರೆ ರಾಷ್ಟ್ರ ಒಡೆದೀತೆಂಬ ಅಂಜಿಕೆಗೆ ಇತಿಹಾಸದ ಬೆಂಬಲವಿಲ್ಲ. 1914ರ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದ ಸಹಸ್ರಾರು ಬ್ರೆಟನ್ ರೈತರು ಮನೆಯಲ್ಲಿ ಆಡುತ್ತಿದ್ದುದು ಬ್ರೆಟನ್ ನುಡಿಯನ್ನೇ. 1977ರಲ್ಲಿ ಆರಂಭವಾದ ದಿವಾನ್ ಶಾಲೆಗಳ ಮಕ್ಕಳು ಇಂದು ಬ್ರೆಟನ್ ಮಾಧ್ಯಮದಲ್ಲಿ ಓದುತ್ತಲೇ ಫ್ರೆಂಚನ್ನೂ ಕಲಿತು, ಉಳಿದೆಲ್ಲರಂತೆ ರಾಷ್ಟ್ರೀಯ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ. 2008ರಲ್ಲಿ ಪ್ರಾದೇಶಿಕ ನುಡಿಗಳು ಫ್ರಾನ್ಸಿನ ಪರಂಪರೆಯೆಂದು ಒಪ್ಪಿಕೊಂಡ ಸಂವಿಧಾನವು, ಆ ಪರಂಪರೆಯನ್ನು ಮಕ್ಕಳ ನಾಲಗೆಯ ಮೇಲೆ ಉಳಿಸುವ ಉಪಾಯವನ್ನು ನಿಷೇಧಿಸುವುದು ಯಾವ ನ್ಯಾಯ? ಫ್ರೆಂಚ್ ಸಂಸತ್ತು ಸಂವಿಧಾನದ ಎರಡನೆಯ ವಿಧಿಯನ್ನು ತಿದ್ದಿ, ಸಾಮಾನ್ಯ ಭಾಷೆಯ ಸ್ಥಾನವನ್ನು ಕಾಯ್ದುಕೊಂಡೇ ಈ ಶಿಕ್ಷಣಪದ್ಧತಿಗೆ ಅಭಯವನ್ನೀಯಲಿ. 1790ರ ಆ ಮೊದಲ ಆದೇಶಕ್ಕೆ ಅದು ಇನ್ನೂ ಬಾಕಿ ಉಳಿಸಿಕೊಂಡಿರುವ ಕರ್ತವ್ಯವಿದು.