ಅಮೃತಾ ಪತ್ರಗಳನ್ನು ಓದಿದ್ದೇ ಸರಿ

ಅಮೃತಾ ಶೇರ್‌ಗಿಲ್ ಬದುಕಿನ ರಂಗವಾಚನ ಅರೆಬೆಂದ ನಾಟಕ, ಹಾಳೆ ಬದಿಗಿಟ್ಟು ಅವರ ಪ್ರೇಮ ಪ್ರಕರಣಗಳನ್ನು ಅಭಿನಯಿಸಬೇಕಿತ್ತು ಎಂದು ನಿಮ್ಮ ವಿಮರ್ಶಕರು ಬರೆದಿದ್ದಾರೆ. ಈ ಮಾತನ್ನು ಖಂಡಿತ ಒಪ್ಪಲಾಗದು. ಅಮೃತಾ ಕುಂಚದಷ್ಟೇ ಹರಿತವಾಗಿ ಲೇಖನಿ ಹಿಡಿದವರು. ಅವರು ಹಂಗೇರಿಯಲ್ಲಿದ್ದಾಗ, ನೆಹರೂ ಬರೆದವೂ ಸೇರಿದಂತೆ ಅವರಿಗೆ ಬಂದಿದ್ದ ಹಲವು ಪತ್ರಗಳನ್ನು ಹೆತ್ತವರೇ ಸುಟ್ಟುಹಾಕಿದರು. ಅಷ್ಟು ಕಳೆದುಹೋದ ಮೇಲೆ, ಅವರದೇ ಕೈಬರಹದಲ್ಲಿ ಉಳಿದದ್ದನ್ನು ಸಭೆಯ ಮುಂದೆ ಗಟ್ಟಿಯಾಗಿ ಓದುವುದು ಕಡಿಮೆ ಕೆಲಸವೇ?

ಪ್ರಕರಣಗಳ ಗೀಳಿನಲ್ಲಿ ದುಡಿಮೆ ಮರೆಯಾಗುತ್ತದೆ. 1937ರ ದಕ್ಷಿಣ ಪ್ರವಾಸದಲ್ಲಿ ಅವರು ಕೊಚ್ಚಿಯ ಮಟ್ಟಂಚೇರಿ ಅರಮನೆಯ ಭಿತ್ತಿಚಿತ್ರಗಳ ಮುಂದೆ ಕೂತು ನಕಲು ತೆಗೆದುಕೊಂಡರು, ಅಜಂತಾವನ್ನೂ ಕಂಡಿದ್ದರು. ಆ ಕಲಿಕೆ ‘ಬ್ರಹ್ಮಚಾರಿಗಳು’ ಚಿತ್ರದಲ್ಲಿ ಎದ್ದು ಕಾಣುತ್ತದೆ: ಬಿಳಿ ಪಂಚೆ, ಬರಿಮೈ, ಒಬ್ಬೊಬ್ಬ ಹುಡುಗನ ಮೈಬಣ್ಣಕ್ಕೂ ಬೇರೆಯೇ ಕಂದು. ಇದನ್ನು ಯಾವ ನಟಿ ಅಭಿನಯಿಸಿ ತೋರಿಸಬೇಕು? ಇದಕ್ಕೆ ಅವರ ವಾಕ್ಯಗಳೇ ಬೇಕು, ಕೇಳುವ ಕಿವಿ ಬೇಕು.

1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಅವರಿಗೆ ಬರೀ 28. ಇಂದಿಗೂ ಅವರನ್ನು ಗಂಡಸರ ಹೆಸರುಗಳ ಪಟ್ಟಿಯಿಂದ ಅಳೆಯುವುದು ಅನ್ಯಾಯ. ತಂಗಿಯ ಮಗ ವಿವಾನ್ ಸುಂದರಂ ಸಂಪಾದಿಸಿದ ಪತ್ರಸಂಪುಟಗಳಿವೆ. ಮುಂದಿನ ವಿಮರ್ಶೆ ಬರೆಯುವ ಮೊದಲು ವಿಮರ್ಶಕರು ದಯವಿಟ್ಟು ಅವನ್ನು ಓದಲಿ.