ಸೂರಿಗಾಗಿ ಸಹಕಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಮನೆ ಕಟ್ಟುವುದು ಎಂತಹ ಕಷ್ಟದ ಕಾರ್ಯವೆಂಬುದನ್ನು ಹಿರಿಯರು ಅನುಭವದಿಂದ ಅರಿತಿದ್ದರು. ಉಳ್ಳವರಿಗೇ ಇದು ಕಷ್ಟವಾದರೆ, ದಿನದ ಕೂಲಿಯಿಂದ ದಿನದ ಗಂಜಿಯನ್ನು ಸಂಪಾದಿಸುವವರ ಪಾಡೇನು? ಅನ್ನ, ಬಟ್ಟೆ, ವಸತಿ ಇವು ಮಾನವನ ಮೂಲಭೂತ ಅಗತ್ಯಗಳು. ಅನ್ನವನ್ನು ದಿನದಿನವೂ ಗಳಿಸಬಹುದು. ಬಟ್ಟೆಯನ್ನು ವರ್ಷಕ್ಕೊಮ್ಮೆ ಕೊಳ್ಳಬಹುದು. ಮನೆಯಾದರೋ ಪೂರ್ಣವಾದಾಗಲೇ ಮನೆ. ಛಾವಣಿಯಿಲ್ಲದ ಗೋಡೆಗಳು ಮಳೆಯನ್ನೂ ತಡೆಯಲಾರವು, ಬಿಸಿಲನ್ನೂ ತಡೆಯಲಾರವು.

ಬಡವರಿಗೆ ಸೂರು ಒದಗಿಸಲು ಸರ್ಕಾರಗಳು ಹಲವು ಯೋಜನೆಗಳನ್ನು ಕೈಗೊಂಡಿವೆ. 1985ರಲ್ಲಿ ಕೇಂದ್ರ ಸರ್ಕಾರದ ಇಂದಿರಾ ಆವಾಸ್ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ಮನೆಯ ಕನಿಷ್ಠ ವಿಸ್ತಾರವನ್ನು 25 ಚದರ ಮೀಟರ್ ಎಂದೂ, ಬಯಲುಸೀಮೆಯಲ್ಲಿ ಪ್ರತಿ ಮನೆಗೆ ನೆರವನ್ನು 1.20 ಲಕ್ಷ ರೂಪಾಯಿ ಎಂದೂ ನಿಗದಿಪಡಿಸಿತು. ಇವೆಲ್ಲವೂ ಸ್ತುತ್ಯವಾದ ಪ್ರಯತ್ನಗಳೇ. ಆದರೆ ಹಣ ಮಂಜೂರಾದ ಮಾತ್ರಕ್ಕೆ ಮನೆ ಮೇಲೇಳುವುದಿಲ್ಲ.

ಇಪ್ಪತ್ತು ಮನೆಗಳು ಮಾತ್ರ ಬೇಕಾಗಿರುವ ಒಂದು ಸಣ್ಣ ಊರನ್ನು ಊಹಿಸಿಕೊಳ್ಳಬಹುದು. ಅಲ್ಲಿಗೆ ಸಿಮೆಂಟು, ಕಬ್ಬಿಣ ಪೇಟೆಯಿಂದ ಬರಬೇಕು. ಗಾರೆ ಕೆಲಸದವರು ಬೇರೆ ಊರಿನಿಂದ ಬರಬೇಕು. ನಕ್ಷೆ ನೋಡಿ ಸಲಹೆ ಹೇಳುವ ಎಂಜಿನಿಯರು ಎಂದೋ ಒಮ್ಮೆ ಬರಬೇಕು. ಪ್ರತಿಯೊಬ್ಬ ಫಲಾನುಭವಿಯೂ ಒಂಟಿಯಾಗಿ ವ್ಯಾಪಾರ ಮಾಡುವುದರಿಂದ ಅರ್ಧ ಲಾರಿ ಮರಳಿಗೂ ಇಡೀ ಲಾರಿಯ ಬಾಡಿಗೆಯನ್ನು ತೆರಬೇಕಾಗುತ್ತದೆ. ಗೋಡೆ ಏಳುವಷ್ಟರಲ್ಲಿ ನೆರವಿನ ಹಣ ಕರಗಿದರೆ, ಛಾವಣಿಗಾಗಿ ಸಾಲಗಾರನ ಬಾಗಿಲನ್ನು ತಟ್ಟದೆ ಅನ್ಯ ಮಾರ್ಗವಿಲ್ಲ. ಮನೆಯೊಳಕ್ಕೆ ಸಂಸಾರಕ್ಕಿಂತ ಮೊದಲು ಸಾಲ ಕಾಲಿಡುತ್ತದೆ.

ಈ ಕೊರತೆಯನ್ನು ಒಂದು ಊರು ತಾನೊಂದೇ ನೀಗಿಸಿಕೊಳ್ಳಲಾರದು. ನೆರೆಯ ಊರುಗಳು ಒಂದುಗೂಡುವುದೇ ಇದಕ್ಕೆ ತಕ್ಕ ಪರಿಹಾರ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಳ್ಳಿಯ ಹಾಲಿನ ಡೈರಿಯಲ್ಲಿಯೇ ಅದು ಇದೆ. ನಾಲ್ಕಾರು ಹಸುಗಳಿರುವ ರೈತನು ಶೀತಲೀಕರಣ ಘಟಕವನ್ನು ಕಟ್ಟಲಾರನು. ಒಂದು ಹಳ್ಳಿಯ ಸಂಘವೂ ಹಾಲಿನ ಕಾರ್ಖಾನೆಯನ್ನು ನಡೆಸಲಾರದು. ಆದರೆ ಹಳ್ಳಿಯ ಸಂಘಗಳು ಸೇರಿ ಒಕ್ಕೂಟವಾದವು. ಒಕ್ಕೂಟಗಳು ಸೇರಿ 1984ರ ಹೊತ್ತಿಗೆ ಕರ್ನಾಟಕ ಹಾಲು ಮಹಾಮಂಡಲವೆಂಬ ಹೆಸರಿನಲ್ಲಿ ರಾಜ್ಯವ್ಯಾಪಿಯಾದವು. ಹಾಲಿಗೆ ಒದಗಿದ ಈ ಬುದ್ಧಿ ಮನೆಗೆ ಏಕೆ ಒದಗಬಾರದು?

ಒಂದು ಹೋಬಳಿಯ ಪಂಚಾಯಿತಿಗಳು ಕೂಡಿ ಒಂದು ನಿರ್ಮಾಣ ಅಂಗಳವನ್ನು ಸ್ಥಾಪಿಸಬಹುದು. ಸಾಮಗ್ರಿಯನ್ನು ಒಟ್ಟಾಗಿ ಕೊಂಡರೆ ಬೆಲೆಯೂ ಬಾಡಿಗೆಯೂ ಇಳಿಯುತ್ತವೆ. ಬಾಗಿಲು, ಕಿಟಕಿಗಳ ಚೌಕಟ್ಟುಗಳನ್ನು ಒಂದೇ ಕಡೆ ತಯಾರಿಸಬಹುದು. ಒಬ್ಬ ಎಂಜಿನಿಯರನ್ನು ವರ್ಷವಿಡೀ ನೇಮಿಸಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ಕೇಂದ್ರವು ಗ್ರಾಮಗಳಿಗೆ ಒಪ್ಪುವ ತಂತ್ರಜ್ಞಾನವನ್ನು ರೂಪಿಸಿತು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಗೊಳಿಸುವ ಇಟ್ಟಿಗೆ ಅದರ ಕೊಡುಗೆಗಳಲ್ಲೊಂದು. ಅದಕ್ಕೆ ಗೂಡು ಬೇಡ, ಸೌದೆ ಬೇಡ. ಅಂತಹ ಯಂತ್ರವನ್ನು ಒಂದು ಊರು ಕೊಂಡರೆ ಕೆಲವೇ ತಿಂಗಳು ಕೆಲಸವಿದ್ದು, ಅನಂತರ ಅದು ತುಕ್ಕು ಹಿಡಿಯುತ್ತದೆ; ಹತ್ತು ಊರುಗಳು ಕೊಂಡರೆ ಅದಕ್ಕೆ ಬಿಡುವೇ ಇರುವುದಿಲ್ಲ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಆರಂಭವಾದ ನಿರ್ಮಿತಿ ಕೇಂದ್ರವು ಕಡಿಮೆ ವೆಚ್ಚದ ಕಟ್ಟಡ ಸಾಮಗ್ರಿಯ ತಯಾರಿಕೆಯನ್ನೂ ಕೆಲಸಗಾರರ ತರಬೇತಿಯನ್ನೂ ಒಂದೆಡೆ ತಂದಿತು. ಅದೇ ಮಾದರಿ ಕರ್ನಾಟಕದ ಜಿಲ್ಲೆಗಳಿಗೂ ಬಂದಿತು. ಜಿಲ್ಲಾ ಕೇಂದ್ರಕ್ಕೆ ಬಂದುದು ಹೋಬಳಿಯವರೆಗೂ ಇಳಿದು ಬರಬೇಕಾಗಿದೆ.

ಸಹಕಾರವು ಈ ನಾಡಿಗೆ ಹೊಸದಲ್ಲ. ನಾಟಿ, ಕೊಯ್ಲುಗಳಲ್ಲಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿಯುವುದು ಹಳ್ಳಿಗಳ ರೂಢಿಯಾಗಿತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರ ಸಂಘ ಹುಟ್ಟಿತು. ಭಾರತದಲ್ಲಿ ಅಂತಹ ಸಂಘಗಳಿಗೆ ಅದೇ ಮೊದಲನೆಯದು. ನಗರವಾಸಿಗಳಿಗೆ ಅಂದೇ ದೊರೆತ ಈ ದಾರಿ ಹಳ್ಳಿಗರಿಗೆ ಇಂದಿಗೂ ಸರಿಯಾಗಿ ತೆರೆದಿಲ್ಲ.

ಊರುಗಳು ಕೂಡಿದರೆ ದೊಡ್ಡ ಊರು ಸಣ್ಣ ಊರಿನ ಪಾಲನ್ನು ನುಂಗೀತೆಂಬ ಶಂಕೆ ಕೆಲವರಿಗೆ ಉಂಟು. ಈ ಶಂಕೆ ನಿರಾಧಾರವಾದುದಲ್ಲ. ಆದುದರಿಂದಲೇ ಕೂಟದಲ್ಲಿ ಪ್ರತಿಯೊಂದು ಊರಿಗೂ ಸಮಾನ ಸ್ಥಾನವಿರಬೇಕು. ಲೆಕ್ಕಪತ್ರಗಳು ಎಲ್ಲರಿಗೂ ತೆರೆದಿರಬೇಕು. ಮನೆ ಯಾರಿಗೆ ಸಲ್ಲಬೇಕೆಂಬುದನ್ನು ಆಯಾ ಊರಿನ ಗ್ರಾಮಸಭೆಯೇ ತೀರ್ಮಾನಿಸಬೇಕು. ಯಂತ್ರ ಎಲ್ಲರದಾಗಲಿ, ನಿರ್ಣಯ ಊರಿನದಾಗಲಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಗ್ರಾಮೀಣ ವಸತಿಯನ್ನೂ ಸೇರಿಸಿರುವುದು ಇಲ್ಲಿ ಸ್ಮರಣೀಯ.

ಇನ್ನೊಂದು ಎಚ್ಚರವೂ ಅಗತ್ಯ. ಬಡವರ ನಿವೇಶನವೆಂದೊಡನೆ ಊರಾಚೆಯ ಕಲ್ಲುನೆಲವನ್ನು ತೋರಿಸುವ ಅಭ್ಯಾಸ ತೊಲಗಬೇಕು. ನೀರು, ಶಾಲೆ, ರಸ್ತೆಗಳಿಂದ ದೂರವಾದ ಮನೆಯು ಸೂರಾದೀತೇ ಹೊರತು ನೆಲೆಯಾಗದು. ಶತಮಾನಗಳಿಂದ ಊರ ಹೊರಗೆ ಇರಿಸಲ್ಪಟ್ಟವರನ್ನು ಹೊಸ ಬಡಾವಣೆಯ ಹೆಸರಿನಲ್ಲಿ ಮತ್ತೆ ಹೊರಗಿಡುವುದು ಸಹಕಾರವೆನಿಸದು.

ಹನಿ ಕೂಡಿ ಹಳ್ಳವಾಗುವಂತೆ ಊರು ಕೂಡಿ ನಾಡಾಗುತ್ತದೆ. ನೆರೆಯೂರಿನ ಬಡವನ ಛಾವಣಿಯೂ ತನ್ನ ಹೊಣೆಯೆಂದು ಪ್ರತಿಯೊಂದು ಊರೂ ಭಾವಿಸಿದಾಗ ಅರ್ಧಕ್ಕೆ ನಿಂತ ಗೋಡೆಗಳು ಮನೆಗಳಾಗುತ್ತವೆ.