ಅಹವಾಲು ಕೇಳುವವರು ಯಾರು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ಆದರೆ ಮಾತನ್ನು ಬಲ್ಲವನಾದರೂ ಅದನ್ನು ಕೇಳಿ ಉತ್ತರ ಕೊಡುವವರು ಎದುರಿಗೆ ಇಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ರಿಚರ್ಡ್ಸ್ ಟೌನಿನ ಉದ್ಯಾನದ ಬಳಿ ಸಂಜೆ ಅಡ್ಡಾಡುವ ಮಹನೀಯರು, ಊಟದ ಪೊಟ್ಟಣಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸುವ ತರುಣರನ್ನು ದಿನವೂ ನೋಡುತ್ತಿರುವರಷ್ಟೆ. ಅವರಲ್ಲೊಬ್ಬನಿಗೆ ಸಲ್ಲಬೇಕಾದ ಹಣದಲ್ಲಿ ಕಡಿತವಾದರೆ ಅವನು ಯಾರನ್ನು ಕೇಳಬೇಕು? ಅವನಿಗೆ ಮೇಸ್ತ್ರಿಯಿಲ್ಲ, ಗುಮಾಸ್ತೆಯಿಲ್ಲ, ತಟ್ಟುವುದಕ್ಕೆ ಕಚೇರಿಯ ಬಾಗಿಲೂ ಇಲ್ಲ. ಕೈಯಲ್ಲಿರುವ ಮೊಬೈಲೇ ಅವನ ಪಾಲಿಗೆ ಧಣಿ. ದುಡಿಮೆಯ ಕಲಹಗಳನ್ನು ಸಂಧಾನದಿಂದ ಪರಿಹರಿಸಿಕೊಳ್ಳಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ. ಸಂಧಾನಕ್ಕೆ ಮೊದಲು ಬೇಕಾದುದು ಉತ್ತರ ಕೊಡಲು ಬಾಧ್ಯನಾದ ಮನುಷ್ಯನೆಂಬುದನ್ನು ಮಾತ್ರ ಮರೆಯುತ್ತಾರೆ.

ಈ ಮರೆವಿನ ಬೆಲೆ ಎಷ್ಟೆಂಬುದನ್ನು ಬೆಂಗಳೂರಿನ ಪೂರ್ವಭಾಗದವರಿಗೆ ನಾವು ವಿವರಿಸಬೇಕಾದುದಿಲ್ಲ. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ತಲೆಯೆತ್ತಿದ ದೂರವಾಣಿ ಕಾರ್ಖಾನೆ, ತರುವಾಯ ಬಂದ ಬಿ.ಇ.ಎಂ.ಎಲ್. ಇವುಗಳಿಂದ ಸಹಸ್ರಾರು ಸಂಸಾರಗಳು ಅನ್ನ ಕಂಡವು. 1980ನೆಯ ಇಸವಿ ಡಿಸೆಂಬರ್ 26ರಂದು ಈ ಕಾರ್ಖಾನೆಗಳೂ ಜಾಲಹಳ್ಳಿಯ ಬಿ.ಇ.ಎಲ್., ಎಚ್.ಎಂ.ಟಿ.ಗಳೂ ಒಟ್ಟಿಗೆ ಸ್ತಬ್ಧವಾದವು. ಇತರ ಸರ್ಕಾರಿ ಉದ್ಯಮದವರಿಗೆ ದೊರೆತ ವೇತನಕ್ಕೆ ಸಮನಾದುದು ತಮಗೂ ಬೇಕೆಂಬುದು ಕೆಲಸಗಾರರ ಬೇಡಿಕೆ. ಮುಷ್ಕರ 77 ದಿನ ನಡೆಯಿತು. ಕಡೆಗೆ ಮುಖ್ಯವಾದ ಬೇಡಿಕೆ ಕೈಗೂಡದೆಯೇ 1981ರ ಮಾರ್ಚಿಯಲ್ಲಿ ಕೆಲಸಗಾರರು ಹಿಂದಿರುಗಿದರು. ಅವರಿಗೆ ಬಲವಾದ ಸಂಘಗಳಿದ್ದವು, ಅನುಭವವುಳ್ಳ ಮುಂದಾಳುಗಳಿದ್ದರು. ಆದರೆ ಮೇಜಿನ ಆಚೆ ಕುಳಿತಿದ್ದ ಆಡಳಿತಗಾರರಿಗೆ ವೇತನದ ಮೇರೆಯನ್ನು ತಾವಾಗಿಯೇ ಗೊತ್ತುಮಾಡುವ ಸ್ವಾತಂತ್ರ್ಯವಿರಲಿಲ್ಲ. ಅದು ದಿಲ್ಲಿಯ ಸರ್ಕಾರದವರ ಕೈಯಲ್ಲಿತ್ತು. ಕೊಡುವ ಅಧಿಕಾರವಿಲ್ಲದವರೊಡನೆ ನಡೆಸಿದ ಮಾತು ಸಂಧಾನವಾಗುವುದೆಂತು?

ಇನ್ನೊಂದು ನಿದರ್ಶನ ತೀರ ಈಚಿನದು. ಕೃಷ್ಣರಾಜಪುರವನ್ನು ದಾಟಿ ಹಳೆಯ ಮದರಾಸು ರಸ್ತೆಯಲ್ಲಿ ಕೋಲಾರದ ಕಡೆಗೆ ಹೋದರೆ ನರಸಾಪುರ ಸಿಗುತ್ತದೆ. ಅಲ್ಲಿ ವಿಸ್ಟ್ರಾನ್ ಕಂಪೆನಿಯವರು ಆಪಲ್ ಕಂಪೆನಿಗಾಗಿ ಫೋನುಗಳನ್ನು ತಯಾರಿಸುತ್ತಿದ್ದರು. 2020ರ ಡಿಸೆಂಬರ್ 12ರ ಮುಂಜಾನೆ, ಸಂಬಳ ಸರಿಯಾಗಿ ಬರಲಿಲ್ಲವೆಂದು ಕೆರಳಿದ ಕೆಲಸಗಾರರು ಗಾಜುಗಳನ್ನೂ ವಾಹನಗಳನ್ನೂ ಯಂತ್ರಗಳನ್ನೂ ಧ್ವಂಸಮಾಡಿದರು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಅವರಲ್ಲಿ ಬಹುಮಂದಿ ಗುತ್ತಿಗೆದಾರರ ಮೂಲಕ ಬಂದವರು. ಒಂದು ವಾರದೊಳಗೆ ಕಂಪೆನಿಯವರೇ ಕೆಲವರಿಗೆ ವೇತನ ಸರಿಯಾಗಿ, ಸಕಾಲದಲ್ಲಿ ಸಂದಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿದರು. ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಸ್ಥಾನದಿಂದ ತೆಗೆದರು. ಹಿಂಸೆಯನ್ನು ನಾವು ಎಳ್ಳಷ್ಟೂ ಸಮರ್ಥಿಸುವವರಲ್ಲ. ಆದರೂ ಕೇಳಲೇಬೇಕಾದ ಒಂದು ಪ್ರಶ್ನೆಯುಂಟು: ಗಾಜು ಒಡೆದ ಮೇಲೆ ಒಪ್ಪಿಕೊಂಡ ತಪ್ಪನ್ನು ಗಾಜು ಒಡೆಯುವ ಮುನ್ನ ಒಪ್ಪಿಕೊಳ್ಳಲು ಅಡ್ಡಿಯೇನಿತ್ತು? ಕಂಪೆನಿಯವರು ಗುತ್ತಿಗೆದಾರನನ್ನು ತೋರಿಸುವುದು, ಗುತ್ತಿಗೆದಾರನು ಕಂಪೆನಿಯವರನ್ನು ತೋರಿಸುವುದು, ಇಂಥ ಏರ್ಪಾಡಿನಲ್ಲಿ ಅಹವಾಲು ಎಲ್ಲಿಯೂ ನಿಲ್ಲುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಗುವುದು ಹೀಗೆ.

ಇದಕ್ಕೆ ಪ್ರತಿಯಾದ ದೃಷ್ಟಾಂತವನ್ನು 1918ರ ಅಹಮದಾಬಾದಿನಲ್ಲಿ ಕಾಣಬಹುದು. ಗಿರಣಿಯ ಕೂಲಿಗಾರರು ಶೇಕಡ 35ರಷ್ಟು ಹೆಚ್ಚಳ ಬೇಕೆಂದರು. ಮಾಲಿಕರು 20ಕ್ಕಿಂತ ಮುಂದೆ ಹೋಗಲೊಲ್ಲರು. ಗಾಂಧೀಜಿಯವರು ಕೂಲಿಗಾರರ ಪರವಾಗಿ ನಿಂತರು. ಗಿರಣಿಯ ಧಣಿ ಅಂಬಾಲಾಲ್ ಸಾರಾಭಾಯಿಯವರ ಸೋದರಿ ಅನಸೂಯಾ ಬೆಹನ್ನರೂ ಕೂಲಿಗಾರರ ಪಕ್ಷದಲ್ಲಿಯೇ ಇದ್ದರು. ಕಡೆಗೆ ಆದ ಒಪ್ಪಂದ ಚಮತ್ಕಾರವಾದುದು. ಮೊದಲನೆಯ ದಿನ ಕೂಲಿಗಾರರ ಮಾತಿನಂತೆ 35, ಎರಡನೆಯ ದಿನ ಮಾಲಿಕರ ಮಾತಿನಂತೆ 20, ಆಮೇಲೆ ಪಂಚಾಯ್ತಿಯ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ಇಬ್ಬರ ಮಾನವೂ ಉಳಿಯಿತು. ಪಂಚರಾದ ಆನಂದಶಂಕರ ಧ್ರುವರು ಮುಂದೆ 35ನ್ನೇ ವಿಧಿಸಿದರು. ಒಪ್ಪಂದಕ್ಕೆ ಮುಂಚೆ ಮೂರು ದಿನ ತಾವು ಕೈಕೊಂಡ ಉಪವಾಸವು ಮಿತ್ರರಾದ ಮಾಲಿಕರ ಮೇಲೆ ಒತ್ತಾಯವಾಗಿ ಪರಿಣಮಿಸಿತೆಂದು, ಆದಕಾರಣ ಅದರಲ್ಲಿ ದೋಷವಿತ್ತೆಂದು ಗಾಂಧೀಜಿಯವರೇ ತರುವಾಯ ಒಪ್ಪಿಕೊಂಡರು. ಮನಸ್ಸಿಗೆ ಒಪ್ಪದೆ ಕೊಟ್ಟ ಒಪ್ಪಿಗೆ ಸಂಧಾನವಲ್ಲವೆಂಬ ಈ ವಿವೇಕವನ್ನು ಮಾಲಿಕರೂ ಸಂಘಗಳವರೂ ಸಮನಾಗಿ ಗ್ರಹಿಸತಕ್ಕದ್ದು.

ವ್ಯಾಪಾರಿಗಳ ವಿಷಯದಲ್ಲಿ ದಾರಿ ಈಗಾಗಲೇ ತೆರೆದಿದೆ. ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರಿಂದ ಕೆಲಸಮಾಡುತ್ತಿದೆ. ಅಲ್ಲಿನ ಮಧ್ಯಸ್ಥರು ತೀರ್ಪು ಹೇಳುವುದಿಲ್ಲ; ಉಭಯ ಪಕ್ಷದವರು ತಾವೇ ತೀರ್ಮಾನಕ್ಕೆ ಬರಲು ನೆರವಾಗುತ್ತಾರೆ. ಮೂರು ಲಕ್ಷ ರೂಪಾಯಿಗೆ ಕಡಮೆಯಿಲ್ಲದ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರದ ಅಗತ್ಯವಿಲ್ಲದಿದ್ದರೆ, ದಾವೆಗೆ ಮುಂಚೆ ಮಧ್ಯಸ್ಥಿಕೆಯನ್ನು ಪ್ರಯತ್ನಿಸಲೇಬೇಕೆಂದು 2018ರ ತಿದ್ದುಪಡಿ ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಪಾಲುದಾರಿಕೆಯ ಲೆಕ್ಕಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ವರ್ತಕರು ಇದನ್ನು ಬರಿಯ ಶಾಸ್ತ್ರವೆಂದೆಣಿಸದೆ ಉಪಯೋಗಿಸಿಕೊಳ್ಳಬೇಕು.

ಕೂಲಿಗಾರನ ಸ್ಥಿತಿ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಮೇರೆಗೆ, ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘವನ್ನು ಮಾಲಿಕರು ಸಂಧಾನಕ್ಕೆ ಅಧಿಕೃತವೆಂದು ಮನ್ನಿಸಬೇಕು. ಇದು ಸ್ವಾಗತಾರ್ಹ. ಆದರೆ ಹಿಂದೆ ಸಾರ್ವಜನಿಕ ಸೇವೆಗಳಿಗೆ ಮಾತ್ರ ಅನ್ವಯಿಸುತ್ತಿದ್ದ ಕಟ್ಟು ಈಗ ಎಲ್ಲ ಉದ್ಯಮಗಳಿಗೂ ಬಂದಿದೆ: 14 ದಿನಗಳ ನೋಟೀಸಿಲ್ಲದೆ ಮುಷ್ಕರ ಕೂಡದು, ಸರ್ಕಾರಿ ಸಂಧಾನಾಧಿಕಾರಿಯ ಮುಂದೆ ವಿಚಾರಣೆ ನಡೆಯುವಾಗಲೂ ಕೂಡದು. ಮುಷ್ಕರದ ಹಕ್ಕನ್ನು ಸಂಧಾನಕ್ಕಾಗಿ ತಡೆದಿಡುವುದಾದರೆ ಆ ಸಂಧಾನವು ನಿಜವಾದುದಾಗಿರಬೇಕು. ಅಧಿಕಾರಿಯು ತಾರೀಖು ಹಾಕುವುದು, ಕಂಪೆನಿಯವರು ಯಾವ ಅಧಿಕಾರವೂ ಇಲ್ಲದ ಗುಮಾಸ್ತೆಯನ್ನು ಕಳುಹಿಸುವುದು, ಕಡೆಗೆ ವಿಫಲವಾಯಿತೆಂದು ವರದಿ ಬರೆಯುವುದು, ಹೀಗಾದರೆ ಕಾನೂನು ಕೂಲಿಗಾರನ ಕೈ ಕಟ್ಟಿದಂತಾಯಿತೇ ವಿನಾ ಕಲಹವನ್ನು ತೀರಿಸಿದಂತಾಗಲಿಲ್ಲ.

ಊಟದ ಪೊಟ್ಟಣ ಹೊರುವ ತರುಣನಿಗೂ ಕರ್ನಾಟಕ ಸರ್ಕಾರದವರು 2025ರಲ್ಲಿ ಗಿಗ್ ಕಾರ್ಮಿಕರ ಕಾಯಿದೆಯಿಂದ ರಕ್ಷಣೆಯನ್ನು ಒದಗಿಸಿದ್ದಾರೆ. ಕೆಲಸದಿಂದ ಬಿಡಿಸುವ ಮುನ್ನ ಲಿಖಿತ ತಿಳಿವಳಿಕೆ ಕೊಡಬೇಕು. ಕಂಪೆನಿಯಲ್ಲಿ ವ್ಯಾಜ್ಯ ಪರಿಹಾರಕ್ಕೆ ಸಮಿತಿಯಿರಬೇಕು. ಕಾಗದದ ಮೇಲಿನ ಈ ಸಮಿತಿ ಬೆಂಗಳೂರಿನಲ್ಲಿ ಕುರ್ಚಿ, ಮೇಜು, ಕನ್ನಡ ಬಲ್ಲ ಮನುಷ್ಯರುಳ್ಳ ಸಮಿತಿಯಾಗುವಂತೆ ನೋಡಿಕೊಳ್ಳುವುದು ಕಾರ್ಮಿಕ ಇಲಾಖೆಯವರ ಹೊಣೆ.

ನಾವು ಕೇಳುವುದು ಹೆಚ್ಚಿನದೇನೂ ಅಲ್ಲ. ಸಂಧಾನಕ್ಕೆ ಬರುವ ಮಾಲಿಕರ ಪ್ರತಿನಿಧಿಗೆ ಒಪ್ಪುವ ಅಧಿಕಾರವನ್ನು ಬರಹದಲ್ಲಿ ಕೊಟ್ಟಿರಲಿ. ಗುತ್ತಿಗೆಯ ಕೆಲಸಗಾರನ ಸಂಬಳದ ಲೆಕ್ಕಕ್ಕೆ ಮೂಲ ಕಂಪೆನಿಯವರೇ ಉತ್ತರ ಹೇಳಲಿ. ಸಂಘಗಳವರು ತಮ್ಮೊಳಗಿನ ಪೈಪೋಟಿಗಾಗಿ ನೆರವೇರದ ಬೇಡಿಕೆಗಳನ್ನು ಮುಂದಿಡದಿರಲಿ. ಅಧಿಕಾರಿಗಳು ಮೊದಲನೆಯ ಅರ್ಜಿ ಬಂದ ವಾರದಲ್ಲಿಯೇ ಸ್ಥಳಕ್ಕೆ ಹೋಗಿ ಕೇಳಲಿ. ನರಸಾಪುರದಲ್ಲಿ ಇಷ್ಟು ಮಾತ್ರ ನಡೆದಿದ್ದರೆ ಆ ಡಿಸೆಂಬರಿನ ಮುಂಜಾನೆ ಪೊಲೀಸರಿಗೆ ಅಲ್ಲಿ ಕೆಲಸವಿರುತ್ತಿರಲಿಲ್ಲವೆಂದು ನಾವು ನಂಬುತ್ತೇವೆ.